ಬೇರಿಂಗ್ ಎರಡು ಸಲ ಹಾಕಿಸಿದರೂ ಪಿಕಪ್ಪಿನ ಮುಂದಿನ ಚಕ್ರ ಮತ್ತೆ ಕೂಗುತ್ತಿದೆ, ಬೇರಿಂಗ್ ಕೂರುವ ಹಬ್ಬೇ ಹೋಗಿರಬಹುದಾ?

ತೋಡಿನಾಚೆ, ಮಾದಾಪುರ

ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದಿ ಹೇಳಿ. ನನ್ನದು ಹಳೆಯ ಪಿಕಪ್, ಟೂ ವೀಲ್ ಡ್ರೈವ್. ಮೇನ್ ರೋಡಿನಿಂದ ತೋಟಕ್ಕೆ ಬರಬೇಕಾದರೆ ಒಂದು ತೋಡು ದಾಟಬೇಕು. ಮಳೆಗಾಲದಲ್ಲಿ ಅರ್ಧ ಚಕ್ರ ಮುಳುಗುವಷ್ಟು ನೀರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೆ ಎರಡು ಸಲವಾದರೂ ಗಾಡಿ ಆ ನೀರಿಗೆ ಇಳಿಯುತ್ತದೆ.

ಮಳೆ ಕಡಿಮೆಯಾಗುವ ಹೊತ್ತಿಗೆ ಮುಂದಿನಿಂದ ಒಂದು ಸದ್ದು ಶುರುವಾಯಿತು. ದೂರದ ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಓಡುತ್ತಿರುವ ಹಾಗೆ, ಗುಂಯ್ ಅಂತ. 30ರಲ್ಲಿ ಕೇಳಿಸುವುದಿಲ್ಲ, 45 ದಾಟಿದರೆ ಜೋರು. ಗ್ಯಾರೇಜಿನವರು ಬಲಗಡೆ ಬೇರಿಂಗ್ ಹೋಗಿದೆ ಅಂದರು, ಒಳಗಿನದು ಹೊರಗಿನದು ಎರಡೂ ಹೊಸದು ಹಾಕಿದರು. ಒಂದೂವರೆ ತಿಂಗಳು ಸದ್ದಿರಲಿಲ್ಲ, ಆಮೇಲೆ ಮತ್ತೆ ಅದೇ ಸದ್ದು. ಡೂಪ್ಲಿಕೇಟ್ ಮಾಲು ಇರಬೇಕು ಅಂದುಕೊಂಡು ಬೇರೆ ಅಂಗಡಿಯಲ್ಲಿ ಒಳ್ಳೇ ಕಂಪನಿಯದ್ದೇ ಕೇಳಿ ತಂದು ಇನ್ನೊಂದು ಗ್ಯಾರೇಜಿನಲ್ಲಿ ಅದೇ ಬಲಗಡೆಗೆ ಹಾಕಿಸಿದೆ. ಅದು ಬಂದಿದ್ದು 1,800 ಕಿಲೋಮೀಟರ್.

ಈಗ ಅರೇಬಿಕಾ ಕೊಯ್ಲು ಮುಗಿಯುತ್ತಾ ಬಂತು, ರೋಬಸ್ಟಾ ಹಣ್ಣಾಗುತ್ತಿದೆ. ಕೂಡ್ಲೂರಿಗೆ ಚೀಲ ಸಾಗಿಸಬೇಕು. ಮಗಳನ್ನು ಸುಂಟಿಕೊಪ್ಪದ ಶಾಲೆಗೆ ಬಿಡುವುದೂ ಇದೇ ಗಾಡಿಯಲ್ಲಿ. ನಿಜವಾಗಿ ಹೆದರಿಕೆ ಆಗುತ್ತಿದೆ. ಈ ಸಲ ನಾನೇ ಬಿಚ್ಚಿ ನೋಡೋಣ ಅಂತಿದ್ದೇನೆ. ಏನನ್ನು ನೋಡಬೇಕು, ಹೇಳಿ.

ಘಾಟಿಡ್ರೈವರ್, ಸಂಪಾಜೆ

ಬಿಚ್ಚುವ ಮೊದಲು ಯಾವ ಕಡೆಯದ್ದು ಅಂತ ಗಟ್ಟಿ ಮಾಡಿಕೊಳ್ಳಿ ಮಾರಾಯ್ರೆ. ಗ್ಯಾರೇಜಿನವರು ಬಲ ಅಂದರು ಅಂತ ಬಲವೇ ಆಗಬೇಕಿಲ್ಲ. ಮುಂದಿನ ಸದ್ದು ಸೀಟಿನಲ್ಲಿ ಕೂತವನಿಗೆ ಎರಡೂ ಕಡೆಯಿಂದ ಬಂದ ಹಾಗೆ ಕೇಳುತ್ತದೆ.

ತಿರುವಿನಲ್ಲಿ ಕೇಳಿ. ಎಡಕ್ಕೆ ತಿರುಗುವಾಗ ಗಾಡಿಯ ಭಾರ ಬಲಗಡೆ ಚಕ್ರಕ್ಕೆ ಹೋಗುತ್ತದೆ. ಆಗ ಸದ್ದು ಜಾಸ್ತಿ ಆದರೆ ಬಲಗಡೆಯದ್ದು. ಬಲಕ್ಕೆ ತಿರುಗುವಾಗ ಜಾಸ್ತಿ ಆದರೆ ಎಡಗಡೆಯದ್ದು. ನಮ್ಮ ಊರಲ್ಲಿ ತಿರುವಿಗೆ ಬರವಿಲ್ಲ, ಆದರೆ ತಿರುವಿನಲ್ಲಿ ಗೇರು ಬದಲಾಗುತ್ತದೆ, ಎಂಜಿನ್ ಸದ್ದು ಸೇರಿಕೊಳ್ಳುತ್ತದೆ. ಅದಕ್ಕೆ ಖಾಲಿ ಇರುವ ನೇರ ರಸ್ತೆ ಹುಡುಕಿ, ಒಂದೇ ವೇಗದಲ್ಲಿ ಹೋಗುತ್ತಾ ಸ್ಟೇರಿಂಗನ್ನು ಮೆಲ್ಲಗೆ ಆ ಕಡೆ ಈ ಕಡೆ ಮಾಡಿ. ಹಿಂದೆ ಮುಂದೆ ಗಾಡಿ ಇದ್ದರೆ ಬೇಡ.

ಟಯರ್ ಸದ್ದು ಬೇರೆ. ಡಾಂಬರು ಬದಲಾದ ಕೂಡಲೇ ಅದು ಬದಲಾಗುತ್ತದೆ. ಬೇರಿಂಗ್ ಸದ್ದಿಗೆ ರಸ್ತೆಯ ಹಂಗಿಲ್ಲ.

ತೋಡಿನಾಚೆ, ಮಾದಾಪುರ

ನಿನ್ನೆ ಕುಶಾಲನಗರಕ್ಕೆ ಹೋಗುವ ಕೆಲಸ ಇತ್ತು. ಕಾವೇರಿ ಸೇತುವೆ ದಾಟಿ, ಕೊಪ್ಪದಿಂದ ಆಚೆ ಬೈಲುಕುಪ್ಪೆ ಕಡೆ ಒಂದಿಷ್ಟು ದೂರ ಹೋಗಿ ಬಂದೆ. 50ರಲ್ಲಿ ಸ್ಟೇರಿಂಗ್ ಸ್ವಲ್ಪ ಎಡಕ್ಕೆ ಎಳೆದರೆ ಗುಂಯ್ ಅನ್ನುವುದು ಗರ್ರ್ ಅಂತ ಆಗುತ್ತದೆ. ಬಲಕ್ಕೆ ಎಳೆದರೆ ಹೆಚ್ಚುಕಮ್ಮಿ ನಿಂತೇ ಹೋಗುತ್ತದೆ. ಹಾಗಾದರೆ ಬಲಗಡೆಯದ್ದೇ, ಅಲ್ವಾ?

ಇಳಿದು ಹಬ್ಬಿನ ಹತ್ತಿರ ಕೈ ಹಿಡಿದು ನೋಡಿದೆ. ಎಡಗಡೆ ಬೆಚ್ಚಗೆ. ಬಲಗಡೆ ಗ್ರೀಸ್ ಕ್ಯಾಪಿನ ಮೇಲೆ ಬೆರಳು ಇಡಲು ಆಗಲಿಲ್ಲ.

ಕರಿಮೆಣಸು, ಪೊನ್ನಂಪೇಟೆ

ಅಣ್ಣ, ಅಷ್ಟು ಬಿಸಿ ಇದ್ದರೆ ಮಗುವನ್ನು ಆ ಗಾಡಿಯಲ್ಲಿ ಕರೆದುಕೊಂಡು ಹೋಗಬೇಡಿ, ದಯವಿಟ್ಟು. ಲೋಡು ಹಾಕುವುದಂತೂ ಬೇಡವೇ ಬೇಡ. ಬೇರಿಂಗ್ ಪೂರ್ತಿ ಕಚ್ಚಿಕೊಂಡರೆ ಹಬ್ ಸಮೇತ ಚಕ್ರ ಕಳಚಿ ಬರಬಹುದು. ಇಳಿಜಾರಿನಲ್ಲಿ ಹಾಗಾದರೆ ಬ್ರೇಕೂ ಇರುವುದಿಲ್ಲ.

ನಮ್ಮ ಮನೆಯವರು ಹೊರಗೆ ಕೆಲಸಕ್ಕೆ ಇರುವುದರಿಂದ ಗಾಡಿ ನೋಡಿಕೊಳ್ಳುವುದು ನಾನೇ. ಒಮ್ಮೆ ಬೇರಿಂಗ್ ಅಂತ ದುಡ್ಡು ಹಾಕಿಸಿದೆ, ಕೊನೆಗೆ ನೋಡಿದರೆ ಹೋಗಿದ್ದು ಸಸ್ಪೆನ್ಷನ್ನಿನ ಕೀಲು, ಬಾಲ್ ಜಾಯಿಂಟ್. ಆವಾಗಿನಿಂದ ಒಂದು ಪರೀಕ್ಷೆ ತಪ್ಪಿಸುವುದಿಲ್ಲ. ಜಾಕಿ ಏರಿಸಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೆ ಒಂದು ಕೈ ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿ. ಟಕ್ ಟಕ್ ಅಂದರೆ ಪ್ಲೇ ಇದೆ, ಅಂದರೆ ಸಡಿಲ ಇದೆ. ಈಗ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಮತ್ತೆ ಅಲ್ಲಾಡಿಸಿ. ಟಕ್ ಅನ್ನುವುದು ಹೋದರೆ ಬೇರಿಂಗ್. ಹೋಗದಿದ್ದರೆ ಬಾಲ್ ಜಾಯಿಂಟ್ ಅಥವಾ ಬುಷ್ ನೋಡಬೇಕು. ಅಡ್ಡಡ್ಡ ಹಿಡಿದಾಗ ಮಾತ್ರ ಅಲ್ಲಾಡಿದರೆ ಸ್ಟೇರಿಂಗಿನ ಕೀಲು, ಟೈ ರಾಡ್ ಎಂಡ್.

ಲೇತ್ ಮೇಸ್ತ್ರಿ, ಗೋಣಿಕೊಪ್ಪ

ಇಲ್ಲಿವರೆಗೆ ಹೇಳಿದ್ದೆಲ್ಲ ಸರಿ. ನಾನು ಬೇರೆ ಒಂದು ಪ್ರಶ್ನೆ ಕೇಳುತ್ತೇನೆ. ಎರಡು ಸಲ ಬಿಚ್ಚಿದರಲ್ಲ, ಹಬ್ಬಿನ ಒಳಗೆ ಯಾರಾದರೂ ಬಟ್ಟೆಯಲ್ಲಿ ಒರೆಸಿ ನೋಡಿದರಾ? ಬೇರಿಂಗ್ ಹೋಗಿದೆ ಅಂದರೆ ಎಲ್ಲರೂ ಬೇರಿಂಗನ್ನೇ ನೋಡುತ್ತಾರೆ. ಅದು ಕೂತಿರುವ ಮನೆಯನ್ನು ನೋಡುವುದಿಲ್ಲ. ನನ್ನ ಹತ್ತಿರ ಬರುವ ಹಬ್‌ಗಳಲ್ಲಿ ತುಂಬಾ ಸಲ ಇದೇ ಕಥೆ.

ನಿಮ್ಮ ಗಾಡಿಯಲ್ಲಿ ಇರುವುದು ಟೇಪರ್ ರೋಲರ್ ಬೇರಿಂಗ್. ರೋಲರ್ ಇರುವ ಒಳಗಿನ ಭಾಗ ಕೋನ್, ಹೊರಗಿನ ಬಳೆ ಕಪ್. ಕಪ್ ಹಬ್ಬಿನ ಒಳಗೆ ಬಿಗಿಯಾಗಿ ಕೂರಬೇಕು, ಬಡಿದೇ ಕೂರಿಸಬೇಕು. ಕೋನ್ ಮಾತ್ರ ಸ್ಟಬ್ ಆಕ್ಸಲ್, ಅಂದರೆ ಹಬ್ ಕೂರುವ ಗಿಡ್ಡ ಅಚ್ಚಿನ ಮೇಲೆ ಕೈಯಲ್ಲೇ ಜಾರುವಷ್ಟು ಸಡಿಲ ಇರುತ್ತದೆ, ಅದು ಹಾಗೇ ಇರಬೇಕು. ತಿರುಗುವುದು ಹಬ್, ಆಕ್ಸಲ್ ತಿರುಗುವುದಿಲ್ಲ. ತಿರುಗುವ ಭಾಗದ ಬಳೆ ಸಡಿಲವಾದರೆ ಅದು ಹಬ್ಬಿನ ಒಳಗೇ ಸುತ್ತಲು ಶುರು ಮಾಡುತ್ತದೆ, ಲೋಹದ ಮೇಲೆ ಲೋಹ ಉಜ್ಜುತ್ತದೆ, ಬಿಸಿ ಏರುತ್ತದೆ, ಗ್ರೀಸ್ ಕರಗಿ ಸೀಲಿನಿಂದ ಹೊರಗೆ ಬರುತ್ತದೆ, ಆಮೇಲೆ ಎಷ್ಟು ಒಳ್ಳೇ ಬೇರಿಂಗ್ ಹಾಕಿದರೂ ಅದು ಉಳಿಯುವುದಿಲ್ಲ.

ಬಿಚ್ಚಿದಾಗ ಕಪ್ಪಿನ ಬೆನ್ನು ನೋಡಿ. ಮಾಸಲು ಬೂದು ಬಣ್ಣ ಇದ್ದರೆ ಸರಿ. ಕನ್ನಡಿ ಹಾಗೆ ಹೊಳೆಯುತ್ತಿದ್ದರೆ, ಸುತ್ತಲೂ ಗೀರು ಇದ್ದರೆ, ಕಂದು ಪುಡಿ ಇದ್ದರೆ ಕಪ್ ತಿರುಗಿದೆ. ಇನ್ನೊಂದು ಮಾತು. ಹೊಸ ಕಪ್ಪನ್ನು ಹಬ್ಬಿಗೆ ಇಟ್ಟು ಹೆಬ್ಬೆರಳಲ್ಲಿ ಒತ್ತಿ. ಒಳಗೆ ಹೋಯಿತು ಅಂದರೆ ಆ ಹಬ್ ಮುಗಿಯಿತು. ಸ್ಟಬ್ ಆಕ್ಸಲ್ಲಿನ ಕೆಳಗಿನ ಮೈಯನ್ನೂ ಉಗುರಿನಿಂದ ಕೆರೆದು ನೋಡಿ. ಭಾರ ಯಾವಾಗಲೂ ಕೆಳಗಿನ ಬದಿಗೇ ಬೀಳುವುದರಿಂದ ಸವೆತ ಅಲ್ಲೇ. ಉಗುರು ಸಿಕ್ಕಿಹಾಕಿಕೊಳ್ಳುವಷ್ಟು ಮೆಟ್ಟಿಲು ಇದ್ದರೆ ಅದನ್ನೂ ಬದಲಿಸಬೇಕು.

ತೋಡಿನಾಚೆ, ಮಾದಾಪುರ

ಮೇಸ್ತ್ರಿಗಳೇ, ನೀವು ಹೇಳಿದ್ದು ಹಾಗೇ ಇದೆ.

ಇವತ್ತು ಬೆಳಗ್ಗೆ ಕಣದ ಮೇಲೆ ಗಾಡಿ ನಿಲ್ಲಿಸಿ ಕೂತೆ. ತಮ್ಮ ಜೊತೆಗಿದ್ದ. ನೆಲದ ಮೇಲೆ ಇರುವಾಗಲೇ ವೀಲ್ ನಟ್ ಸಡಿಲ ಮಾಡಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕಿ ಏರಿಸಿ ಸ್ಟ್ಯಾಂಡ್ ಇಟ್ಟೆವು. ಬ್ರೇಕಿನ ಕ್ಯಾಲಿಪರನ್ನು ಬಿಚ್ಚಿ ಬೇಲಿ ತಂತಿಯಲ್ಲಿ ಮೇಲೆ ಕಟ್ಟಿದೆ, ಬ್ರೇಕ್ ಹೋಸಿನಲ್ಲಿ ನೇತಾಡಲು ಬಿಡಲಿಲ್ಲ. ಗ್ರೀಸ್ ಕ್ಯಾಪ್ ತೆಗೆದಾಗ ಒಳಗಿನ ಗ್ರೀಸ್ ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣ. ನೀರು ಸೇರಿದೆ ಅಂತ ಆಗಲೇ ಗೊತ್ತಾಯಿತು. ಹಬ್ ನಟ್ ತಿರುಗದಂತೆ ತಡೆಯುವ ಸ್ಪ್ಲಿಟ್ ಪಿನ್ ಇತ್ತು, ಆದರೆ ಹಳೆಯದನ್ನೇ ಬಗ್ಗಿಸಿ ಹಾಕಿದ್ದರು, ಒಂದು ಕಾಲು ಮುರಿದಿತ್ತು.

ಹಬ್ ಹೊರಗೆ ಎಳೆದು ಸೀಲ್ ಕಿತ್ತೆ. ಒಳಗಿನ ಕೋನಿನ ರೋಲರ್‌ಗಳ ಮೇಲೆ ಚಕ್ಕೆ ಎದ್ದಿದೆ, ಮೈ ನೀಲಿ ಬಣ್ಣಕ್ಕೆ ತಿರುಗಿದೆ. ಕಪ್ ತೆಗೆಯಲು ಹಿತ್ತಾಳೆ ರಾಡು, ಸುತ್ತಿಗೆ ಎಲ್ಲ ಜೋಡಿಸಿಕೊಂಡಿದ್ದೆ. ಬೇಕಾಗಲೇ ಇಲ್ಲ. ಹಬ್ಬನ್ನು ಬೋರಲು ಹಾಕಿದೆ, ಒಳಗಿನ ಕಪ್ ತಾನೇ ಜಾರಿ ಗೋಣಿ ಮೇಲೆ ಬಿತ್ತು. ಬೆನ್ನು ಕನ್ನಡಿ. ಹಬ್ಬಿನ ಒಳಮೈಗೆ ಬೆರಳು ಹಾಕಿದರೆ ತುಕ್ಕಿನ ಪುಡಿ. ಆ ಪುಡಿ ಒರೆಸಿದಾಗ ಉಳಿ ಇಟ್ಟು ಬಡಿದ ಮೂರು ಗುರುತು ಕಂಡವು. ಮೊದಲನೇ ಸಲ ಕಪ್ ತೆಗೆಯುವಾಗ ಒಂದೇ ಕಡೆಯಿಂದ ಬಡಿದು ಓರೆಯಾಗಿ ಎಬ್ಬಿಸಿರಬೇಕು.

ನೋಡಿ ಕಣ್ಣಲ್ಲಿ ನೀರು ಬಂತು. ಇದೇ ಚಕ್ರದ ಮೇಲೆ ಮೂರು ತಿಂಗಳು ಮಗಳನ್ನು ಕೂರಿಸಿಕೊಂಡು ಓಡಾಡಿದ್ದೇನೆ.

ಹಳೇಜೀಪು, ಶನಿವಾರಸಂತೆ

ಹೊಸ ಹಬ್ ದುಬಾರಿ ಅಣ್ಣ. ಹಬ್ಬಿನ ಒಳಮೈಗೆ ಸುತ್ತಲೂ ಸೆಂಟರ್ ಪಂಚ್‌ನಲ್ಲಿ ಚುಕ್ಕೆ ಹೊಡೆದರೆ ಲೋಹ ಸ್ವಲ್ಪ ಉಬ್ಬಿ ಕಪ್ ಬಿಗಿಯಾಗುತ್ತದೆ. ಬೇರಿಂಗ್ ಹಿಡಿಯುವ ಅಂಟೂ ಸಿಗುತ್ತದೆ. ನಮ್ಮ ಅಪ್ಪ ಜೀಪಿಗೆ ಹೀಗೆ ಮಾಡಿ ಎರಡು ವರ್ಷ ಓಡಿಸಿದ್ದರು.

ಲೇತ್ ಮೇಸ್ತ್ರಿ, ಗೋಣಿಕೊಪ್ಪ

ನಿಮ್ಮ ಅಪ್ಪನವರ ಕಾಲದಲ್ಲಿ ಸ್ಪೇರ್ ಸಿಗುತ್ತಿರಲಿಲ್ಲ, ಮಾಡಿದರು, ಅದನ್ನು ತಪ್ಪು ಅನ್ನುವುದಿಲ್ಲ. ಆದರೆ ಇವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಪಂಚ್ ಹೊಡೆದಾಗ ಕಪ್ ಕೂರುವುದು ಆ ಚುಕ್ಕೆಗಳ ತುದಿ ಮೇಲೆ ಮಾತ್ರ. ನಾಲ್ಕು ದಿನ ಲೋಡು ಬಿದ್ದರೆ ಆ ತುದಿಗಳು ಮಟ್ಟವಾಗುತ್ತವೆ, ಮತ್ತೆ ಸಡಿಲ. ಕಪ್ ಗುಂಡಗೆ ಕೂರುವುದೂ ಇಲ್ಲ. ಅಂಟನ್ನು ನಾನೂ ಬಳಸುತ್ತೇನೆ, ಪಂಪ್‌ಸೆಟ್ ಮೋಟಾರಿಗೆ. ಮಡಿಕೇರಿಯಿಂದ ಸಂಪಾಜೆಗೆ ಬ್ರೇಕ್ ಹಿಡಿದುಕೊಂಡು ಇಳಿಯುವ ಗಾಡಿಯ ಹಬ್ಬಿಗೆ ಬಳಸುವುದಿಲ್ಲ, ಅಲ್ಲಿ ಡಿಸ್ಕಿನ ಬಿಸಿ ಹಬ್ಬಿಗೂ ಬರುತ್ತದೆ. ನನ್ನ ಲೇತಿಗೆ ಬಂದರೆ ಕೆಲಸ ಸಿಗುತ್ತದೆ ಅಂತ ಗೊತ್ತಿದ್ದರೂ ಹೇಳುತ್ತೇನೆ, ಹೊಸ ಹಬ್ ಹಾಕಿ. ಬಳೆ ಹಾಕಿ ಬೋರ್ ಮಾಡುವುದು ಕೂಡ ಈ ಜಾಗಕ್ಕೆ ಬೇಡ.

ಬೇರಿಂಗ್ ತರುವಾಗ ಹಳೆಯದರ ಪಕ್ಕದಲ್ಲಿ ಕೆತ್ತಿರುವ ನಂಬರ್ ಬರೆದುಕೊಂಡು ಹೋಗಿ. ಗಾಡಿ ಹೆಸರು, ಮಾಡೆಲ್ ಹೇಳಿದರೆ ಅಂಗಡಿಯವರು ಹತ್ತಿರದ್ದು ಯಾವುದೋ ಕೊಡಬಹುದು. 30206 ಅಂತ ಇದ್ದರೆ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿ, ಒಳಗಿನ ತೂತು 30 ಮಿಲಿಮೀಟರ್. ಇಂಚಿನ ಬೇರಿಂಗ್ ಆದರೆ ಕೋನಿಗೆ ಒಂದು ನಂಬರ್, ಕಪ್ಪಿಗೆ ಒಂದು ನಂಬರ್ ಇರುತ್ತದೆ, ಎಲ್‌ಎಂ 67048 ಕೋನಿಗೆ ಎಲ್‌ಎಂ 67010 ಕಪ್ ಅನ್ನುವ ಹಾಗೆ. ಎರಡೂ ಬರೆದುಕೊಳ್ಳಿ. ಕೋನ್ ಹೊಸದು ಹಾಕಿ ಕಪ್ ಹಳೆಯದು ಬಿಡುವ ಕೆಲಸ ಯಾವತ್ತೂ ಬೇಡ. ಡಬ್ಬಿಯ ಮೇಲಿನ ಕೋಡ್ ನೋಡಿ ಅಸಲಿ ಹೌದೋ ಅಲ್ಲವೋ ಅಂತ ಹೇಳುವ ಆ್ಯಪ್ ಎಸ್‌ಕೆಎಫ್ ಅಂಥ ಕಂಪನಿಗಳದ್ದು ಇವೆ, ಅಂಗಡಿಯಲ್ಲೇ ನಿಂತು ನೋಡಬಹುದು.

ಹಳೇಜೀಪು, ಶನಿವಾರಸಂತೆ

ಒಪ್ಪಿದೆ ಮೇಸ್ತ್ರಿ. ಮಗು ಕೂರುವ ಗಾಡಿ ಅಂತ ನಾನು ಯೋಚನೆ ಮಾಡಿರಲಿಲ್ಲ.

ಏಲಕ್ಕಿಮಲೆ, ನಾಪೋಕ್ಲು

ನಡುವೆ ಒಂದು ಕೇಳುತ್ತೇನೆ. ನನ್ನದು ಹೊಸ ಫೋರ್ ಬೈ ಫೋರ್ ಪಿಕಪ್, ಚೆರಿಯಪರಂಬು ಕಡೆ ರಸ್ತೆ ಮೇಲೆ ನೀರು ಬಂದಾಗ ಅದರಲ್ಲೇ ಓಡಾಡಿದ್ದೇನೆ. ಎಡಗಡೆ ಸಣ್ಣ ಸದ್ದು, ಜೊತೆಗೆ ಎಬಿಎಸ್ ಲೈಟ್. ನನಗೂ ಇದೇ ರೀತಿ ಗ್ರೀಸ್ ತುಂಬಿ ಟೈಟ್ ಮಾಡಿದರೆ ಆಗುತ್ತದಾ?

ಲೇತ್ ಮೇಸ್ತ್ರಿ, ಗೋಣಿಕೊಪ್ಪ

ಆಗುವುದಿಲ್ಲ. ನಿಮ್ಮದು ಸೀಲ್ ಆಗಿ ಬರುವ ಬೇರಿಂಗ್. ಗ್ರೀಸ್ ತುಂಬುವುದಿಲ್ಲ, ಪ್ಲೇ ಹೊಂದಿಸುವುದಿಲ್ಲ, ಬದಲಿಸುವುದೇ. ಹಬ್ ಬೇರಿಂಗ್ ಒಂದೇ ಗಡ್ಡೆಯಾಗಿ ಬೋಲ್ಟಿನಲ್ಲಿ ಕೂರುವ ಜಾತಿ ಆದರೆ ಮನೆಯಲ್ಲೇ ಮಾಡಬಹುದು. ಹಬ್ಬನ್ನು ಹಿಡಿದಿರುವ ನಕಲ್ ಅನ್ನುವ ಭಾಗದ ಒಳಗೆ ಪ್ರೆಸ್ ಮಾಡುವ ಜಾತಿ ಆದರೆ ಹೈಡ್ರಾಲಿಕ್ ಪ್ರೆಸ್ ಇರುವವರ ಹತ್ತಿರವೇ ಹೋಗಿ, ಸುತ್ತಿಗೆ ಮುಟ್ಟಿಸಬೇಡಿ. ನಕಲ್‌ಗೆ ಕೂರಿಸುವಾಗ ಹೊರಗಿನ ಬಳೆಯನ್ನೇ ಒತ್ತಬೇಕು, ಹಬ್ ಕೂರಿಸುವಾಗ ಒಳಗಿನ ಬಳೆಗೆ ಆಸರೆ ಕೊಡಬೇಕು. ಅದಲು ಬದಲಾದರೆ ಒತ್ತಡ ಒಳಗಿನ ಬಾಲ್‌ಗಳ ಮೇಲೆ ಬಿದ್ದು ಗುಳಿ ಬೀಳುತ್ತದೆ, ಹೊಸ ಬೇರಿಂಗ್ ಮೊದಲ ದಿನವೇ ಕೂಗುತ್ತದೆ. ಎಬಿಎಸ್‌ನ ಮ್ಯಾಗ್ನೆಟ್ ಪಟ್ಟಿ ಒಂದೇ ಬದಿಯಲ್ಲಿ ಇರುತ್ತದೆ. ಅದು ಸೆನ್ಸರ್ ಕಡೆಗೇ ಇರಬೇಕು, ತಿರುಗಿಸಿ ಹಾಕಿದರೆ ಲೈಟ್ ಆರುವುದಿಲ್ಲ. ಆಕ್ಸಲ್ ನಟ್ಟನ್ನು ಕಂಪನಿ ಹೇಳಿದ ಟಾರ್ಕಿಗೆ ಬಿಗಿ ಮಾಡುವ ಮೊದಲು ಚಕ್ರದ ಮೇಲೆ ಗಾಡಿಯ ಭಾರ ಬಿಡಬೇಡಿ.

ತೋಡಿನಾಚೆ, ಮಾದಾಪುರ

ಹಬ್ ಸಿಕ್ಕಿತು, ಕೆಲಸ ಮುಗಿಯಿತು. ಹೇಗೆ ಮಾಡಿದೆ ಅಂತ ಬರೆಯುತ್ತೇನೆ, ಎಲ್ಲಾದರೂ ತಪ್ಪಿದ್ದರೆ ಹೇಳಿ.

ಸ್ಟಬ್ ಆಕ್ಸಲ್ ಪುಣ್ಯಕ್ಕೆ ಚೆನ್ನಾಗಿದೆ. ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ ಉಗುರಿನಿಂದ ಕೆರೆದೆ, ಎಲ್ಲೂ ಸಿಕ್ಕಲಿಲ್ಲ. ಕಪ್‌ಗಳನ್ನು ಹಿಂದಿನ ರಾತ್ರಿ ಪ್ಲಾಸ್ಟಿಕ್ ಸುತ್ತಿ ಫ್ರೀಜರಿನಲ್ಲಿ ಇಟ್ಟಿದ್ದೆ, ಹಬ್ಬನ್ನು ಬಿಸಿಲಿಗೆ. ಹೊಸ ಹಬ್ಬಿಗೆ ಕಪ್ ಇಟ್ಟು ಹೆಬ್ಬೆರಳಲ್ಲಿ ಒತ್ತಿದೆ, ಅಷ್ಟು ತಣ್ಣಗಿದ್ದರೂ ಹೋಗಲಿಲ್ಲ. ಸಮಾಧಾನ ಆಯಿತು. ಹಳೇ ಕಪ್ಪಿನ ಹೊರಮೈಯನ್ನು ತಮ್ಮ ಗ್ರೈಂಡರಿನಲ್ಲಿ ಸ್ವಲ್ಪ ತೆಳ್ಳಗೆ ಮಾಡಿಕೊಟ್ಟ, ಅದನ್ನೇ ಮೇಲಿಟ್ಟು ಸುತ್ತಲೂ ಸಮನಾಗಿ ಬಡಿದೆ. ಬಡಿಯುತ್ತಾ ಇದ್ದ ಹಾಗೆ ಟಣ್ ಟಣ್ ಅನ್ನುತ್ತಿದ್ದ ಸದ್ದು ಒಂದು ಸಲ ಟಪ್ ಅಂತ ಗಟ್ಟಿಯಾಯಿತು. ಕಪ್ ತಳಕ್ಕೆ ಕೂತಿತು ಅಂತ ಅರ್ಥ ಅಂತೆ, ತಮ್ಮ ಹೇಳಿದ. ಬ್ಯಾಟರಿ ಹಾಕಿ ನೋಡಿದೆ, ಸುತ್ತ ಎಲ್ಲೂ ಸಂದು ಇಲ್ಲ.

ಗ್ರೀಸ್ ವಿಷಯ ನಾನು ಇಷ್ಟು ದಿನ ತಪ್ಪು ತಿಳಿದಿದ್ದೆ. ಹೊರಗಿನಿಂದ ಬಳಿದರೆ ಸಾಕು ಅಂತ ಇದ್ದೆ. ಅಂಗೈಯಲ್ಲಿ ನೆಲ್ಲಿಕಾಯಿ ಗಾತ್ರದ ಗ್ರೀಸ್ ಇಟ್ಟುಕೊಂಡು, ಕೋನಿನ ಅಗಲ ಬಾಯಿಯನ್ನು ಅದರ ಮೇಲೆ ಒತ್ತಿ ಒತ್ತಿ ಎಳೆಯಬೇಕು. ರೋಲರ್‌ಗಳ ನಡುವಿನಿಂದ ಆ ಕಡೆ ಗ್ರೀಸ್ ಸಣ್ಣ ಸಣ್ಣ ಎಳೆಯಾಗಿ ಎದ್ದು ಬರುವವರೆಗೆ ಬಿಡಬಾರದು. ಆಮೇಲೆ ಸ್ವಲ್ಪ ತಿರುಗಿಸಿ ಮತ್ತೆ ಒತ್ತಬೇಕು. ಒಂದು ಬೇರಿಂಗಿಗೆ ಹತ್ತು ನಿಮಿಷ ಹಿಡಿಯಿತು. ಬಿಸಿ ತಡೆಯುವ ಲಿಥಿಯಂ ಕಾಂಪ್ಲೆಕ್ಸ್ ಗ್ರೀಸ್, ಗಟ್ಟಿತನ 2ನೇ ನಂಬರ್. ಹಬ್ಬಿನ ಹೊಟ್ಟೆಯನ್ನು ಪೂರ್ತಿ ತುಂಬಲಿಲ್ಲ, ಅರ್ಧಕ್ಕಿಂತ ಕಮ್ಮಿ.

ಹೊಸ ಸೀಲಿನ ತುಟಿಗೆ ಗ್ರೀಸ್ ಸವರಿ ಮರದ ತುಂಡು ಇಟ್ಟು ಕೂರಿಸಿದೆ. ಡಿಸ್ಕನ್ನು ಹೊಸ ಹಬ್ಬಿಗೆ ಬದಲಿಸುವಾಗ ಎರಡರ ಮೈಯನ್ನೂ ತಂತಿ ಬ್ರಷ್‌ನಲ್ಲಿ ಉಜ್ಜಿದೆ. ನಟ್ ಬಿಗಿ ಮಾಡುವಾಗ ಮೈಯೆಲ್ಲ ಕಣ್ಣು. ಒಂದು ಕೈಯಲ್ಲಿ ಹಬ್ ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ಸ್ಪ್ಯಾನರಿನಿಂದ ಬಿಗಿ ಮಾಡಿ, ಕಾಲು ಸುತ್ತು ಹಿಂದೆ ಬಿಟ್ಟು, ಮತ್ತೆ ಬೆರಳಲ್ಲಿ ಬಿಗಿ. ಪಿನ್ನಿನ ತೂತು ಸೇರಲಿಲ್ಲ, ಮುಂದಕ್ಕೆ ಬಿಗಿ ಮಾಡದೆ ಒಂದು ಚೂರು ಹಿಂದಕ್ಕೇ ಬಿಟ್ಟೆ. ಪಿನ್ ಹೊಸದು.

ಲೇತ್ ಮೇಸ್ತ್ರಿ, ಗೋಣಿಕೊಪ್ಪ

ತಪ್ಪು ಒಂದೂ ಇಲ್ಲ. ಕೆಲವು ಗಾಡಿಗೆ ಪ್ಲೇ ಬಿಡದೆ ಸ್ವಲ್ಪ ಒತ್ತಡದಲ್ಲೇ ಇಡಬೇಕು ಅಂತ ಕಂಪನಿ ಪುಸ್ತಕದಲ್ಲಿ ಇರುತ್ತದೆ. ನಿಮ್ಮ ಗಾಡಿಯ ಪುಸ್ತಕ ಒಮ್ಮೆ ನೋಡಿ, ಬೇರೆ ಇದ್ದರೆ ಅದೇ ಸರಿ. ಸಣ್ಣ ಅಲುಗಾಟ ಅಳೆಯುವ ಡಯಲ್ ಗೇಜ್ ಇಟ್ಟು ನೋಡಿದರೆ ಸಾಮಾನ್ಯವಾಗಿ 0.03ರಿಂದ 0.12 ಮಿಲಿಮೀಟರ್ ಪ್ಲೇ ಸಿಗಬೇಕು. ಗೋಣಿಕೊಪ್ಪ ಕಡೆ ಬಂದಾಗ ಬನ್ನಿ, ಗೇಜ್ ನಾನೇ ಇಟ್ಟು ನೋಡಿ ಕೊಡುತ್ತೇನೆ. 100 ಕಿಲೋಮೀಟರ್ ಓಡಿಸಿದ ಮೇಲೆ ಮತ್ತೆ ಜಾಕಿ ಹಾಕಿ ಅಲ್ಲಾಡಿಸಿ ನೋಡಿ. ವೀಲ್ ನಟ್ಟೂ ಆಗಲೇ ಬಿಗಿ ನೋಡಿ.

ಘಾಟಿಡ್ರೈವರ್, ಸಂಪಾಜೆ

ಈಗ ತೋಡಿನ ವಿಷಯಕ್ಕೆ ಬರೋಣ ಮಾರಾಯ್ರೆ, ಇಲ್ಲದಿದ್ದರೆ ಮುಂದಿನ ಮಳೆಗೆ ಮತ್ತೆ ಇದೇ. ಇಳಿಜಾರಿನಲ್ಲಿ ಬ್ರೇಕ್ ಹಿಡಿದು ಬಂದು, ಹಬ್ ಬಿಸಿ ಇರುವಾಗಲೇ ನೇರ ನೀರಿಗೆ ಇಳಿಸುತ್ತೀರಿ ಅಲ್ವಾ? ಬಿಸಿ ಹಬ್ ಥಟ್ಟನೆ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗುತ್ತದೆ, ಸೀಲಿನ ತುಟಿಯಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ತೋಡಿನ ದಡದಲ್ಲಿ ಹತ್ತು ಹದಿನೈದು ನಿಮಿಷ ನಿಲ್ಲಿಸಿ ಇಳಿಸಿ. ಕೆಸರು ತೊಳೆಯುವಾಗ ಸ್ಪ್ರೇ ಪಂಪಿನ ಪೈಪನ್ನು ಹಬ್ಬಿನ ಹಿಂದಿನ ಸೀಲಿಗೆ ಹಿಡಿಯಬೇಡಿ. ಮಳೆ ಮುಗಿದ ಮೇಲೆ, ಸದ್ದು ಬರಲಿ ಬಾರದಿರಲಿ, ಮುಂದಿನ ಎರಡೂ ಹಬ್ ಬಿಚ್ಚಿ ಗ್ರೀಸ್ ನೋಡಿ. ನಾನು ಸೆಪ್ಟೆಂಬರಿನ ಕೊಡವ ಹಬ್ಬ ಕೈಲ್‌ಪೊಳ್ದಿನ ಆಚೆ ಈಚೆ ಮಾಡುತ್ತೇನೆ. ಆಯುಧಪೂಜೆಗೆ ಗಾಡಿ ತೊಳೆಯುವ ಹೊತ್ತಿಗೆ ಈ ಕೆಲಸ ಮುಗಿದಿರುತ್ತದೆ.

ಕರಿಮೆಣಸು, ಪೊನ್ನಂಪೇಟೆ

ಎಡಗಡೆಯದ್ದು ಬಿಚ್ಚಿ ನೋಡಿದಿರಾ ಅಣ್ಣ? ತೋಡಿಗೆ ಇಳಿದಿದ್ದು ಎರಡೂ ಚಕ್ರ.

ತೋಡಿನಾಚೆ, ಮಾದಾಪುರ

ನೀವು ಕೇಳಿದ್ದು ಒಳ್ಳೇದಾಯಿತು ಅಕ್ಕ. ನಿನ್ನೆ ಬಿಚ್ಚಿದೆ. ಎಡಗಡೆಯ ಗ್ರೀಸೂ ಬಿಳಿ ತಿರುಗಲು ಶುರುವಾಗಿತ್ತು, ಆದರೆ ಕೋನ್ ಕಪ್ ಎರಡರ ಮೈಯೂ ನುಣ್ಣಗಿದೆ, ಕಪ್ ಹಬ್ಬಿನಲ್ಲಿ ಗಟ್ಟಿ ಕೂತಿದೆ. ತೊಳೆದು ನೆರಳಲ್ಲಿ ಒಣಗಿಸಿ, ಹೊಸ ಗ್ರೀಸ್ ಒತ್ತಿ, ಹೊಸ ಸೀಲ್ ಹಾಕಿ ಮುಚ್ಚಿದೆ.

ಬಲಗಡೆ ಇವತ್ತಿಗೆ 140 ಕಿಲೋಮೀಟರ್ ಆಯಿತು. ಮೊದಲು ಖಾಲಿ ಗಾಡಿಯಲ್ಲಿ ಮಡಿಕೇರಿಗೆ ಹೋಗಿ ಬಂದೆ, ಆಮೇಲೆ ಹತ್ತು ಚೀಲ ಹಾಕಿಕೊಂಡು ಕೂಡ್ಲೂರಿಗೆ. ಮನೆಗೆ ಬಂದು ಇಳಿದ ಕೂಡಲೇ ಎರಡೂ ಕ್ಯಾಪ್ ಮುಟ್ಟಿ ನೋಡಿದೆ, ಎರಡೂ ಒಂದೇ ಬೆಚ್ಚಗೆ. ಜಾಕಿ ಹಾಕಿ ಅಲ್ಲಾಡಿಸಿದೆ, ಟಕ್ ಅನ್ನಲಿಲ್ಲ. ವೀಲ್ ನಟ್ಟಿನಲ್ಲಿ ಒಂದು ಮಾತ್ರ ಚೂರು ತಿರುಗಿತು.

ನಾಳೆಯಿಂದ ಮಗಳು ಮತ್ತೆ ಇದೇ ಗಾಡಿಯಲ್ಲಿ ಶಾಲೆಗೆ. ಮೇಸ್ತ್ರಿಗಳೇ, ಶುಕ್ರವಾರ ಗೋಣಿಕೊಪ್ಪಕ್ಕೆ ಬರುತ್ತೇನೆ, ಗೇಜ್ ಇಟ್ಟು ನೋಡಿ ಕೊಡಿ. ಹಳೇ ಹಬ್ಬನ್ನೂ ತರುತ್ತೇನೆ, ಕಪ್ ಹೇಗೆ ತಿರುಗಿದೆ ಅಂತ ನಿಮ್ಮ ಹತ್ತಿರ ಕೆಲಸ ಕಲಿಯುವ ಹುಡುಗರು ನೋಡಲಿ.